ಇನ್ನೂ ನೂರಡಿ

ಶಿಡ್ಲಘಟ್ಟ. ಟೈಲರಂಗಡಿಯ ಮಹಡಿಯಲ್ಲಿ
ಭಾನುವಾರದ ಪೋಕರ್ ಟೂರ್ನಮೆಂಟು.
ಇಪ್ಪತ್ತೇಳರಲ್ಲಿ ಐದು ಜನ ಉಳಿದಿದ್ದೇವೆ.
ನನ್ನ ಎಡಕ್ಕೆ ಬೋರ್‌ವೆಲ್ ಲಾರಿಯ ನಂಜಪ್ಪರೆಡ್ಡಿ.

ನಾನು ಎರಡು ಸಾವಿರ ಅಂದರೆ ಅವನು ಆರು.
ಮತ್ತೆ ಎರಡು ಅಂದರೆ ಮತ್ತೆ ಆರು.
ಎಲೆ ಕೂಡ ನೋಡುವುದಿಲ್ಲ,
ಗಿರಾಕಿಗೆ ಕೇಳುವ ಹಾಗೇ ಕೇಳುತ್ತಾನೆ:
"ಇನ್ನೂ ನೂರಡಿ ಬಿಡೋಣ್ವಾ ಸಾಬ್ರೇ?"

ನಾಲ್ಕು ಸಲ ಎಲೆ ಬಿಸಾಕಿದೆ.
ಐದನೇ ಸಲಕ್ಕೆ ಕಿವಿ ಕಾದವು,
ಇದ್ದದ್ದೆಲ್ಲ ತಳ್ಳಿಬಿಡಲೇ ಅನ್ನಿಸಿತು.
ಕೈಯಲ್ಲಿದ್ದದ್ದು ಒಂಬತ್ತು, ನಾಲ್ಕು.
ತಳ್ಳಲಿಲ್ಲ.

ಅಮ್ಮಿ ಹೇಳುತ್ತಿದ್ದಳು, ರೇಷ್ಮೆ ಬಿಚ್ಚುವ ಬಾಣಲೆಯ ಮುಂದೆ:
ತುದಿ ಸಿಗದೆ ಎಳೆದರೆ ಬರುವುದು ಜೂಟು.
ಬೆರಳು ಬೇಯಲಿ, ಬಿಡು.
ಎಳೆ ತಾನೇ ಬಂದು ಹತ್ತಿಕೊಳ್ಳುತ್ತೆ.

ಬೇಯಿಸಿಕೊಂಡು ಕೂತೆ.
ಬ್ಲೈಂಡು ಎರಡು ಸಲ ಏರಿತು,
ನನ್ನ ಚಿಪ್ಸಿನ ಗುಡ್ಡೆ ಟೀ ಲೋಟದಷ್ಟಾಯಿತು.
ಆಗ ಬಂದರು ಇಬ್ಬರು ರಾಣಿಯರು.

ಅದೇ ಸೋತ ಮುಖದಲ್ಲಿ ನಾಲ್ಕು ಸಾವಿರ ಇಟ್ಟೆ.
"ಹನ್ನೆರಡು," ಅಂದ.
ಆರಿದ ಟೀ ಒಂದು ಗುಟುಕು ಕುಡಿದು
ಎಲ್ಲ ತಳ್ಳಿದೆ.

ಅವನು ಮೊದಲ ಸಲ ತನ್ನ ಎಲೆ ಎತ್ತಿ ನೋಡಿದ.
ಏಳು, ಮೂರು. ಬರೀ ಧೂಳು.
"ಇಷ್ಟು ಆಳ ಇಳಿದ ಮೇಲೆ..." ಅಂತ ಇಳಿದೇ ಇಳಿದ.

ಮೇಜಿನ ಮೇಲೆ ಒಂದು ಏಳು ಬಿತ್ತು.
ನನ್ನ ಎದೆ ಹಿಡಿದುಕೊಂಡಿತು.
ಇನ್ನೊಂದು ಬೀಳಲಿಲ್ಲ.

ಚಿಪ್ಸು ಎಳೆದುಕೊಳ್ಳುವಾಗ
ನನ್ನ ಬೆರಳ ಬಿಳೀ ಸುಕ್ಕು ನೋಡಿ ಕೇಳಿದ,
"ಏನ್ ಸಾಬ್ರೇ, ಹುಷಾರಿಲ್ವಾ?"
"ಕೆಲಸದ ಕೈ ರೆಡ್ಡಿ," ಅಂದೆ.

ಮತ್ತೆ ಎಲೆ ಬಂತು. ಮತ್ತೆ ನಾಲ್ಕು ಅಂದೆ.
ಕೆಮ್ಮಿದ. ಫ್ಯಾನು ನೋಡಿದ.
ತನ್ನ ಎಲೆ ಎರಡು ಸಲ ನೋಡಿದ.
ಅಡಿಯ ಮಾತು ಎತ್ತಲಿಲ್ಲ.