ಖಲಾಸ್

ನಮ್ಮ ಕಡೆ ಖಲಾಸ್ ಅಂದರೆ ಮುಗಿಯಿತು.
ಅಲ್ ಅಹ್ಸಾದಲ್ಲಿ ಅದೊಂದು ಖರ್ಜೂರದ ಹೆಸರು,
ಬೆಲ್ಲದ ಬಣ್ಣ, ಬಾಯಲ್ಲಿಟ್ಟರೆ
ಬೆಣ್ಣೆಗಿಂತ ಒಂದು ಗಳಿಗೆ ತಡವಾಗಿ ಕರಗುವುದು.

ಹಾಜಿ ಮಅತೂಕನ ತೋಟದಲ್ಲಿ ಅಂಥವು ನೂರಾ ಹನ್ನೆರಡು.
ಪ್ರತಿ ಬುಡಕ್ಕೂ ಈಗ ಒಂದೊಂದು ಮೊಳೆ,
ಮೊಳೆಯ ತಲೆಗೆ ಬೆಂಕಿಪೊಟ್ಟಣದಷ್ಟು ಸೆನ್ಸರು.
ಹೊಡೆದವಳು ಮೊಮ್ಮಗಳು ರಬಾಬ್.
ಮೊದಲ ಏಟಿಗೆ ಮುದುಕ ಮುಖ ತಿರುಗಿಸಿದ,
ಮಗುವಿಗೆ ಕಿವಿ ಚುಚ್ಚುವಾಗ ತಾಯಿ ತಿರುಗುವ ಹಾಗೆ.

ಶತ್ರು ಹೆಬ್ಬೆರಳಷ್ಟು. ಕೆಂಪು ಮೂತಿಹುಳು.
ಹೊರಗೆ ಗರಿ ಹಸಿರು, ಗೊನೆ ಭರ್ತಿ,
ಒಳಗೆ ಮರಿ ಕೂತು ತಿಂಗಳುಗಟ್ಟಲೆ ಮೇಯುತ್ತದೆ.
ಒಂದು ದಿನ ಗಾಳಿಯೂ ಇಲ್ಲದೆ ಮರ ಮಲಗುತ್ತದೆ.
ಕಣ್ಣಿಗೆ ಕಾಣುವ ಹೊತ್ತಿಗೆ
ನಮ್ಮ ಖಲಾಸ್.

ಅದಕ್ಕೇ ಕಿವಿ. ರಾತ್ರಿ ಎರಡರಿಂದ ನಾಲ್ಕು,
ಪಂಪು ನಿಂತು, ಹೆದ್ದಾರಿಯ ಲಾರಿ ವಿರಳವಾದ ಮೇಲೆ
ಮರಗಳು ಒಂದೊಂದಾಗಿ ಹೊಟ್ಟೆಯ ಸದ್ದು ಒಪ್ಪಿಸುತ್ತವೆ.
ಅಡುಗೆಮನೆಯ ಮೇಜಿಗೆ ಕೂತು, ಹೆಡ್‌ಫೋನು ಹಾಕಿ
ರಬಾಬ್ ಜರಡಿ ಹಿಡಿಯುತ್ತಾಳೆ:
ಗೆದ್ದಲಲ್ಲ, ಇರುವೆಯಲ್ಲ, ಗರಿಗೆ ಗರಿ ತಾಗಿದ್ದಲ್ಲ,
ಮೂರನೇ ಮನೆಯಲ್ಲಿ ಯಾರೋ ಹಪ್ಪಳ ಮುರಿದಂತೆ
ಕರ್... ಕರ್ ಕರ್... ಬಿಟ್ಟು ಬಿಟ್ಟು.
ಅದು ಹುಳು.

ಅರವತ್ತೇಳನೇ ಮರ ಮಾತ್ರ ಹಠಮಾರಿ.
ಏಳು ದಿನದಿಂದ ಒಂದೇ ವರದಿ: ಗದ್ದಲ, ತಿರಸ್ಕರಿಸಿದೆ.
ತಿರಸ್ಕರಿಸಿದ್ದನ್ನು ತೆರೆದು ಕೇಳಿದಳು.

ಅಜ್ಜನ ದನಿ. ಮೂರೂವರೆಗೆ, ನಮಾಜಿಗೂ ಮೊದಲು,
ಕಾಂಡಕ್ಕೆ ಬೆನ್ನು ಕೊಟ್ಟು, ಬಟ್ಟೆ ಉಜ್ಜುವ ಸದ್ದೂ ಸೇರಿ.
ಮಂಡಿನೋವು ಹೇಳುತ್ತಿದ್ದಾನೆ. ಹುಫೂಫಿನ ಸಂತೆಯ ದರ ಹೇಳುತ್ತಿದ್ದಾನೆ.
ಹುಡುಗಿ ಮೊಳೆ ಹೊಡೆದಳು, ಬೇಸರ ಮಾಡಬೇಡ,
ಅವಳಿಗೆ ಹತ್ತಲು ಬಾರದು, ಕೇಳಲು ಬರುತ್ತದೆ.
ಆಮೇಲೊಂದು ಹೆಸರು,
ಮನೆಯಲ್ಲಿ ಯಾರೂ ಎತ್ತದ ಹೆಂಗಸಿನ ಹೆಸರು,
ಎರಡು ಸಲ.
ಆ ಹೆಸರಿನ ಹಿಂದೆ, ತೀರ ಹಿಂದೆ,
ಕರ್... ಕರ್ ಕರ್.

ಬೆಳಿಗ್ಗೆ ಕಹ್ವಾ ಬಗ್ಗಿಸುತ್ತ ಅಂದಳು: ಅರವತ್ತೇಳು.
ಅವನು ಬಟ್ಟಲಲ್ಲೇ ಕಣ್ಣಿಟ್ಟು ಕೇಳಿದ:
ನಿನ್ನ ಪೆಟ್ಟಿಗೆಗೆ ಎಲ್ಲಾ ಕೇಳಿಸುತ್ತದಾ?
ಹುಳು ಮಾತ್ರ, ಅಜ್ಜ.

ಬುಡಕ್ಕೆ ನಾಲ್ಕು ಓರೆ ತೂತು, ಔಷಧಿ, ಮೇಲೆ ಮಣ್ಣಿನ ಮೆತ್ತೆ.
ಈ ಸಲದ ಗೊನೆ ಯಾರ ಬಾಯಿಗೂ ಅಲ್ಲ;
ತಾನೇ ಹತ್ತಿ ಕೊಯ್ದು ಹೂತ.
ಡ್ರಿಲ್ಲನ್ನೂ ಅವನೇ ಹಿಡಿದ. ಮುಖ ತಿರುಗಿಸಲಿಲ್ಲ.

ಒಂಬತ್ತನೇ ರಾತ್ರಿ, ಮೂರೂ ಕಾಲು.
ಅರವತ್ತೇಳರಲ್ಲಿ ಏನೂ ಇಲ್ಲ.
ಏನೂ ಇಲ್ಲ.
ದೂರದಲ್ಲಿ, ಕಾಲುವೆಯ ಬದಿಯಲ್ಲಿ, ಚಪ್ಪಲಿಯ ಸದ್ದು.
ರಬಾಬ್ ಸ್ವಿಚ್ಚು ಒತ್ತಿದಳು.