ಒತ್ತಿಗೆ ದುಡ್ಡಿಲ್ಲ

ಅರಸೀಕೆರೆ ಠಾಣೆಯ ಹೊಂಗೆಮರದಡಿ
ನೀಲಿ ಟಾರ್ಪಾಲಿನ ಮೇಲೆ ಹರವಿದ್ದಾರೆ
ಗುಜರಿಯವನ ಹಿತ್ತಿಲಲ್ಲಿ ಸಿಕ್ಕಿದ್ದೆಲ್ಲ:
ಮೂರು ಹಂಡೆ, ಬುಡ ಕಳಚಿದ ದೀಪದ ಕಂಬ,
ತಟ್ಟೆ, ತಂಬಿಗೆ, ಯಾರದೋ ಮಗುವಿನ ಒಳಲೆ.
‘ಇದರಲ್ಲಿ ನಿನ್ನ ಕೈಯವು ಯಾವು, ಆರಿಸಯ್ಯ’
ಅಂದರು ರೈಟರ್ ದೊಡ್ಡಲಿಂಗಯ್ಯ.

ಮೂವತ್ತೆಂಟು ವರ್ಷದಿಂದ ಸ್ಟೇಷನ್ ರಸ್ತೆಯ
ಪಾತ್ರೆ ಅಂಗಡಿ ಮೆಟ್ಟಿಲ ಮೇಲೆ ಕೂತು
ಹೆಸರು ಹೊಡೆಯುತ್ತಿದ್ದೇನೆ.
ಈಗ ಕರೆಂಟಿನ ಸೂಜಿ, ಕಣಜದ ಹಾಗೆ ಗುಂಯ್ ಅನ್ನುತ್ತೆ.
ಆಗ ಉಳಿ, ಸುತ್ತಿಗೆ,
ಚುಕ್ಕಿಗೆ ಚುಕ್ಕಿ ಸೇರಿದರೆ ಅಕ್ಷರ.
ತಲೆ ಬಗ್ಗಿಸಿ ಮಾಡುವ ಕೆಲಸ;
ಊರಿನ ಹೆಸರೆಲ್ಲ ಗೊತ್ತು, ಮುಖ ಗೊತ್ತಿಲ್ಲ.

ಒಂದು ಹಿತ್ತಾಳೆ ಬಿಂದಿಗೆ.
ಕಂಠದ ಕೆಳಗೆ ಅರ ಹಾಕಿ ತಿಕ್ಕಿದ್ದಾನೆ ಕಳ್ಳ.
ಠಾಣೆಯ ಗಣಪತಿ ಪಟದ ಮುಂದಿದ್ದ ವಿಭೂತಿ ತಂದು
ಹೆಬ್ಬೆರಳಲ್ಲಿ ಸವರಿದೆ.
ಬೆಳ್ಳಗೆ ಎದ್ದು ಬಂತು: ಪದ್ಮಾಕ್ಷಿ.
ಕ್ಷ-ದ ಒತ್ತು ಮಾತ್ರ ಪಕ್ಕಕ್ಕೆ ವಾಲಿದೆ,
ಬಸ್ಸಲ್ಲಿ ಸೀಟು ಸಿಗದೆ ಆತುಕೊಂಡವರ ಹಾಗೆ.

ಆ ಒತ್ತು ನಾನು ಮರೆತಿದ್ದೆ.
‘ಪದ್ಮಾಕಿ ಅಂತ ಯಾರಾದ್ರೂ ಮಗಳಿಗೆ ಹೆಸರಿಡ್ತಾರೇನಯ್ಯ?’
ಹುಡುಗಿಯ ಅಪ್ಪ ಗದರಿದ್ದರು,
ಆಮೇಲೆ ಸಂದಿಯಲ್ಲಿ ತುರುಕಿದ್ದೆ.
ಅಕ್ಷರಕ್ಕೆ ಎಂಟಾಣೆ ಆಗ.
ಮೂರಕ್ಷರಕ್ಕೆ ಒಂದೂವರೆ ರೂಪಾಯಿ ಎಣಿಸಿಟ್ಟು
ಕೇಳಿದ್ದರು: ‘ಒತ್ತಿಗೆ ದುಡ್ಡಿಲ್ಲ ತಾನೆ?’

ಬೆಂಚಿನ ತುದಿಯಿಂದ ಒಬ್ಬಾಕೆ ಎದ್ದಳು.
‘ಅದು ನಂದು.’
ರೈಟರ್ ಆಧಾರ್ ಕೇಳಿದರು.
ಕಾರ್ಡಿನಲ್ಲಿ ಹೆಸರು ವಾರಿಜ.

‘ಅತ್ತೆ ಹೆಸರೂ ಪದ್ಮಾಕ್ಷಿ ಕಣಣ್ಣ.
ಒಂದೇ ಮನೇಲಿ ಇಬ್ಬರು ಬೇಡ ಅಂತ
ಧಾರೆ ದಿನ ಅಕ್ಕಿ ಮೇಲೆ ಬೇರೆ ಹೆಸರು ಬರೆಸಿದ್ರು.
ಬಿಂದಿಗೆ ಮೊದಲೇ ಬರೆದಾಗಿತ್ತು.’

‘ಹಾಗಾದ್ರೆ ಇದು ಅತ್ತೆಯದ್ದೇ ಇರಬಹುದಲ್ಲ?’
ದೊಡ್ಡಲಿಂಗಯ್ಯ ಪೆನ್ನಿನ ಮುಚ್ಚಳ ಹಾಕಿಬಿಟ್ಟರು.
ಆಕೆ ಸುಮ್ಮನಾದಳು.
ಕಾಗದ ಏನಿದೆ, ತೋರಿಸಲು?

ನಾನು ಬಾಯಿ ಹಾಕಿದೆ.
‘ಅಮ್ಮಾ, ನಿಮ್ಮ ಅಪ್ಪ ಆವತ್ತು ಬಯ್ದರಾ ನನ್ನನ್ನ?’
ಆಕೆ ತಿರುಗಿದಳು, ಮೊದಲ ಸಲ ನಕ್ಕಳು:
‘ಪದ್ಮಾಕಿ! ಮದುವೆ ಮುಗಿಯೋವರೆಗೂ
ತಮ್ಮಂದಿರು ಹಾಗೇ ಕೂಗ್ತಿದ್ರು.’

ರಿಜಿಸ್ಟರಿನಲ್ಲಿ ಸಹಿ ಮಾಡುವಾಗ
‘ಪ’ ಬರೆದು, ಹೊಡೆದುಹಾಕಿ,
ನಿಧಾನಕ್ಕೆ ವಾರಿಜ ಅಂತ ಬರೆದಳು.
ಚಿತ್ತು ಮಾಡಬೇಡಮ್ಮ, ಸಾಹೇಬರು ಬಯ್ತಾರೆ ಅಂದರು ರೈಟರ್.

ಗೇಟಿನ ಹತ್ತಿರ, ಬಿಂದಿಗೆ ಸೊಂಟದ ಮೇಲೆ:
‘ಅಣ್ಣ, ಆ ಒತ್ತು ನೆಟ್ಟಗೆ ಮಾಡಕ್ಕಾಗುತ್ತಾ? ಎಷ್ಟಾಗುತ್ತೆ?’
‘ಒತ್ತಿಗೆ ದುಡ್ಡಿಲ್ಲಮ್ಮ’ ಅಂದೆ,
ಚೀಲದಲ್ಲಿ ಹಳೇ ಉಳಿ ಹುಡುಕಿದೆ.

ಇರಲಿಲ್ಲ. ಹೋದ ವಾರ ಎಲ್ಲೋ ಬಿದ್ದಿದೆ,
ಅದರ ಮೇಲೆ ನನ್ನ ಹೆಸರಿಲ್ಲ.

ಬಾಣಾವರದ ಬಸ್ಸು ಬಂತು.
ಹೋಗಲಿ ಬಿಡಿ, ಹಾಗೇ ಇರಲಿ ಅಂತ ಹತ್ತಿದಳು.
‘ಬಿಂದಿಗೆ ಕೆಳಗಿಡಮ್ಮ’ ಕಂಡಕ್ಟರ್ ಕೂಗಿದ.
ಕಿಟಕಿಯಲ್ಲಿ ಕಂಡಿತು,
ತೊಡೆ ಮೇಲೇ ಇಟ್ಟುಕೊಂಡಿದ್ದಳು,
ವಿಭೂತಿ ಇನ್ನೂ ಒರೆಸದೆ.