ಎಂಟು ಬಾಟಲಿ

ಭಾನುವಾರ ಗೋಲ್ಡ್ ಕೋಸ್ಟಿನಲ್ಲಿ ಓಟ.
ಇವತ್ತು ಬುಧವಾರ. ಬ್ಯಾಲರಟ್ಟಿನಲ್ಲಿ ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ.
ವೆಂಡೂರಿ ಕೆರೆಯ ದೋಣಿಮನೆಗಳ ಹಲಗೆ ಮೇಲೆ
ಯಾರೋ ಉಪ್ಪು ಚೆಲ್ಲಿದ ಹಾಗೆ ಇಬ್ಬನಿ ಹೆಪ್ಪುಗಟ್ಟಿದೆ.
ಕಪ್ಪು ಹಂಸಗಳು ಕತ್ತೆತ್ತಿ ನೋಡುತ್ತವೆ:
ಏನಾಯಿತು ಇವಳಿಗೆ,
ಒಂದೇ ಸುತ್ತಿಗೆ ಮನೆಗೆ ಹೊರಟಳು?

ಮೇ ತಿಂಗಳಿಡೀ ದಿನಕ್ಕೆ ನಾಲ್ಕು ಸುತ್ತು, ಐದು ಸುತ್ತು,
ಎಷ್ಟು ಓಡಿದರೂ ಹೊರಟ ಬೆಂಚಿಗೇ ತಂದು ಬಿಡುವ ದಾರಿ.
ಒಂದು ರಾತ್ರಿ ಕಾಲುಚೀಲ ಕೊಡವಿದರೆ
ನನ್ನದೇ ಉಗುರು ಬಿತ್ತು.

ಕಾಲಿಗೆ ಬುದ್ಧಿ ಹೇಳುವುದನ್ನೇ
ಹತ್ತೊಂಬತ್ತು ವರ್ಷ ಕಸುಬು ಮಾಡಿಕೊಂಡವಳು ನಾನು.
ಈ ವಾರ ಬೇರೆ ಬುದ್ಧಿ: ಸುಮ್ಮನಿರು.
ಅದು ಕೇಳುವುದಿಲ್ಲ.
ಇಲ್ಲದ ನೋವನ್ನು ಎಲ್ಲಿಂದಲೋ ಹುಡುಕಿ ತರುತ್ತದೆ,
ಮೊನ್ನೆ ಮೀನಖಂಡ, ನಿನ್ನೆ ಹಿಮ್ಮಡಿ,
ಇವತ್ತು, ನಗಬೇಡಿ, ಕಿವಿ.

ಕೋಚ್ ಕ್ಲಾರಿ ಸೈಕಲ್ಲಿನಿಂದ ಇಳಿಯದೆಯೇ ಹೇಳಿದ:
"ಕೆಲಸ ಮುಗೀತು ಬ್ರೈಡಿ, ಇನ್ನು ಕೆಡಿಸಬೇಡ."
ಮೂವತ್ತು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದವನು.
ಉಬ್ಬಲು ಬಿಟ್ಟಿದ್ದನ್ನು
ಬಟ್ಟೆ ಸರಿಸಿ ಸರಿಸಿ ನೋಡಬಾರದೆಂದು ಅವನಿಗೆ ಗೊತ್ತು.

ಎಲ್ಲರಿಗೂ ಒಂದು ಅಂಕಿ ಬೇಕು.
ಔಷಧಿ ಅಂಗಡಿಯ ಹುಡುಗಿ ಕಬ್ಬಿಣದ ಮಾತ್ರೆ ಕೊಡುತ್ತ ಕೇಳುತ್ತಾಳೆ.
ಪತ್ರಿಕೆಯವರು ಕೇಳದೆಯೇ ಬರೆದಿದ್ದಾರೆ, ಎರಡು ಗಂಟೆ ಇಪ್ಪತ್ತೇಳು.
ಅಮ್ಮ ಮಾತ್ರ ಜೀಲಾಂಗಿನಿಂದ ಫೋನು ಮಾಡಿ
"ಸ್ವೆಟರು ಇಟ್ಟುಕೊಂಡೆಯಾ?"
ನನಗೂ ಒಂದು ಅಂಕಿ ಇದೆ.
ಬಾಯಲ್ಲಿಟ್ಟ ಕಲ್ಲುಸಕ್ಕರೆ. ಮಾತಾಡಿದರೆ ಬೀಳುತ್ತದೆ.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಎಂಟು ಖಾಲಿ ಬಾಟಲಿ.
ಐದು ಕಿಲೋಮೀಟರಿಗೊಂದು. ಓಡುತ್ತಲೇ ಎತ್ತಿಕೊಳ್ಳಬೇಕು,
ಅಷ್ಟು ಜನರ ಬಾಟಲಿಗಳ ನಡುವೆ ನನ್ನದು ಕಣ್ಣಿಗೆ ಬೀಳಬೇಕು.
ಅಕ್ಕನ ಮಗಳು ಟಿಲ್ಡ
ಕತ್ತರಿ, ಗೋಂದು, ಹಳದಿ ಉಣ್ಣೆ ಹರಡಿಕೊಂಡು ಕೂತಿದ್ದಾಳೆ.
ಮೊದಲನೆಯದಕ್ಕೆ ಒಂದು ರಿಬ್ಬನ್ನು ಸಾಕು,
ಅಲ್ಲಿ ನಾನಿನ್ನೂ ಜಾಣೆ.
ಇಪ್ಪತ್ತೈದರದ್ದಕ್ಕೆ ಮೀಸೆ ಬರೆದಳು.
ಮೂವತ್ತೈದರದ್ದು.
ಹೋದ ಸಲ ಅಲ್ಲೇ ಕೈಜಾರಿ ಉರುಳಿತು,
ಹಿಡಿಯಲು ಬಗ್ಗಿದೆ,
ಬಗ್ಗಿದವಳು ಏಳಲಿಲ್ಲ.
ಇದನ್ನು ಅವಳಿಗೆ ಹೇಳಿಲ್ಲ.
ಆದರೂ ಅದೊಂದಕ್ಕೇ ಉಣ್ಣೆ ಸುತ್ತುತ್ತಿದ್ದಾಳೆ, ದಪ್ಪಗೆ, ಒರಟಾಗಿ.
"ಚಳಿ ಆಗಬಾರದಲ್ಲ, ಪಾಪ."

"ಕೊನೇದಕ್ಕೆ ಏನು ಹಾಕಲಿ?"
ಏನೂ ಬೇಡ. ನಲವತ್ತು ದಾಟಿದ ಮೇಲೆ ನಾನು ಕುಡಿಯುವುದಿಲ್ಲ.
"ಮತ್ತೆ ಅದನ್ನ ಇಡೋದು ಯಾಕೆ?"

ಮೇಜಿನಡಿಯಲ್ಲಿ ನನ್ನ ಹಿಮ್ಮಡಿ ನೆಲ ಕುಟ್ಟುತ್ತಿತ್ತು,
ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು.
"ಚಿಕ್ಕಮ್ಮ, ಸುಮ್ನಿರು. ಗೆರೆ ಸೊಟ್ಟ ಆಗುತ್ತೆ."

ಅವಳು ಮಲಗಿದ ಮೇಲೆ ಎಂಟನ್ನೂ
ಸ್ವೆಟರಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ.
ಅಮ್ಮ ಮತ್ತೆ ಕೇಳಿದರೆ
ಹೌದು ಅನ್ನಬಹುದು.